ಟಾಕಿಯ ಮೇಲಿನ ನೆಲ: ಹುಬ್ಬಳ್ಳಿಯ ಒಂದು ಕಾರ್ ಶೆಡ್ಡಿನ ಎಪಾಕ್ಸಿ ಲೇಪನ, ಪ್ರಕರಣ ಅಧ್ಯಯನ

ಹುಬ್ಬಳ್ಳಿಯ ಕೇಶ್ವಾಪುರವನ್ನು ದಾಟಿ ಕುಸುಗಲ್ಲಿನ ಕಡೆಗೆ ಹೋಗುವಾಗ ಸಿಗುವ ಬಡಾವಣೆಯೊಂದರಲ್ಲಿ ಈ ಮನೆಯಿದೆ. ಮನೆಯ ಮುಂಭಾಗದಲ್ಲಿ 18 ಅಡಿಗೆ 20 ಅಡಿ ಅಳತೆಯ ಕಾರ್ ಶೆಡ್ಡು, ಅಂದರೆ 360 ಚದರಡಿ, ಸುಮಾರು 33 ಚದರ ಮೀಟರ್. ಪಶ್ಚಿಮಕ್ಕೆ ರೋಲಿಂಗ್ ಶಟರ್ ಇದೆ. ಒಳಗೆ ಒಂದು ಕಾರು, ಎರಡು ಸ್ಕೂಟರು, ಮೂಲೆಯಲ್ಲಿ ಇನ್ವರ್ಟರಿನ ಬ್ಯಾಟರಿ. ಈ ಭಾಗದ ಬಹುತೇಕ ಮನೆಗಳಲ್ಲಿರುವಂತೆ ಇಲ್ಲಿಯೂ ಎರೆಮಣ್ಣನ್ನು ಎರಡಡಿ ತೆಗೆದು, ಗರಸು ತುಂಬಿ, ದಮ್ಮಸು ಮಾಡಿ, ಅದರ ಮೇಲೆ ನಾಲ್ಕು ಇಂಚು ಕಾಂಕ್ರೀಟು ಹಾಕಲಾಗಿದೆ. ಗರಸಿಗೂ ಕಾಂಕ್ರೀಟಿಗೂ ನಡುವೆ ತೇವ ತಡೆಯುವ ಪ್ಲಾಸ್ಟಿಕ್ ಹಾಳೆಯನ್ನು ಹಾಸಿರಲಿಲ್ಲ. ಶೆಡ್ಡಿನ ಹಿಂಬದಿಯ ಎಡ ಮೂಲೆಯಲ್ಲಿ, ನೆಲದ ಕೆಳಗೆ, 8 ಅಡಿಗೆ 6 ಅಡಿಯ ನೀರಿನ ಟಾಕಿ ಇದೆ. ಪ್ರಕರಣದ ತಿರುಳು ಈ ಟಾಕಿಯಲ್ಲಿಯೇ ಇತ್ತೆಂಬುದು ನಮಗೆ ತಿಳಿದದ್ದು ಸ್ವಲ್ಪ ತಡವಾಗಿ.

ಮನೆಯ ಯಜಮಾನರು ಧಾರವಾಡದ ಕಾಲೇಜೊಂದರಲ್ಲಿ ಅಧ್ಯಾಪಕರು; ದಿನವೂ ಕಾರಿನಲ್ಲಿ ಹೋಗಿಬರುತ್ತಾರೆ. ಶೆಡ್ಡಿನ ನೆಲದಿಂದ ಸದಾ ಸಿಮೆಂಟಿನ ಧೂಳು ಏಳುತ್ತದೆ, ಎಷ್ಟು ಗುಡಿಸಿದರೂ ಮನೆಯೊಳಗೆ ಬರುತ್ತದೆ ಎಂಬುದು ಅವರ ಮೂಲ ದೂರು. ಆಯುಧ ಪೂಜೆಯ ಹೊತ್ತಿಗೆ ನೆಲ ಚೆಂದವಾಗಬೇಕೆಂದು, ದಸರೆಯ ಮುಂಚೆ, ಮಳೆ ಇನ್ನೂ ಪೂರ್ತಿ ಹಿಂದೆಗೆಯದ ದಿನಗಳಲ್ಲಿ, ಅವರು ಒಬ್ಬ ಗುತ್ತಿಗೆದಾರರಿಂದ ಎಪಾಕ್ಸಿ ಬಣ್ಣ, ಅಂದರೆ ಎರಡು ದ್ರವ ಬೆರೆತು ಗಟ್ಟಿಯಾಗುವ ಲೇಪನ, ಹೊಡೆಸಿದ್ದರು. ಆ್ಯಸಿಡ್ ಹಾಕಿ ತೊಳೆದು, ಎರಡು ದಿನ ಆರಲು ಬಿಟ್ಟು, ಎರಡು ಕೋಟು ಬಣ್ಣ. ಹಬ್ಬದ ದಿನ ನೆಲ ಕನ್ನಡಿಯಂತಿತ್ತು. ಸಂಕ್ರಾಂತಿಯ ವೇಳೆಗೆ ಚಕ್ರ ನಿಲ್ಲುವಲ್ಲಿ ಬಣ್ಣ ಎದ್ದಿತು; ಯುಗಾದಿ ಕಳೆಯುವಷ್ಟರಲ್ಲಿ ಮೂರನೆಯ ಒಂದು ಭಾಗ ಕಿತ್ತುಬಂದಿತ್ತು. ಆ ಬೇಸಿಗೆಯಲ್ಲಿ ಅವರು ನನ್ನನ್ನು ಕರೆಸಿದರು. ಇನ್ನೊಂದು ಕಂಪನಿಯ ಬಣ್ಣವನ್ನು ಇದರ ಮೇಲೆಯೇ ಹೊಡೆಸಬಹುದೇ ಎಂಬುದು ಅವರ ಪ್ರಶ್ನೆಯಾಗಿತ್ತು. ಹೊಡೆಸಬಾರದು, ಮೊದಲು ಇದು ಏಕೆ ಎದ್ದಿತೆಂದು ತಿಳಿಯೋಣ ಎಂದು ಹೇಳಿ, ಮನೆ ಕಟ್ಟುವಾಗ ಅಲ್ಲಿ ದುಡಿದಿದ್ದ ಗೌಂಡಿಯನ್ನೂ ಜೊತೆಗೆ ಕರೆದುಕೊಂಡೆ.

ಎದ್ದ ಚೂರುಗಳನ್ನು ಓದುವುದು

ಕಿತ್ತುಬಂದ ಬಣ್ಣವನ್ನು ಗುಡಿಸಿ ಎಸೆಯುವ ಮುಂಚೆ ಅದರ ಬೆನ್ನನ್ನು ನೋಡಬೇಕು. ಚೂರಿನ ಹಿಂಬದಿಗೆ ಬೂದುಬಣ್ಣದ ಸಿಮೆಂಟಿನ ಪುಡಿ ಅಂಟಿಕೊಂಡಿದ್ದರೆ ಬಣ್ಣ ಹಿಡಿದಿತ್ತು, ಆದರೆ ಅದು ಹಿಡಿದುಕೊಂಡ ಕಾಂಕ್ರೀಟಿನ ಮೇಲ್ಪದರವೇ ಬಲಹೀನವಾಗಿತ್ತು ಎಂದರ್ಥ. ಹಿಂಬದಿ ನುಣುಪಾಗಿ ಸ್ವಚ್ಛವಾಗಿದ್ದರೆ ಬಣ್ಣ ಕಾಂಕ್ರೀಟಿಗೆ ಹಿಡಿಯಲೇ ಇಲ್ಲ. ಎಣ್ಣೆ, ತೇವ, ಇಲ್ಲವೇ ನಯವಾದ ಮೈ ಅಡ್ಡ ಬಂದಿರುತ್ತದೆ. ಈ ಒಂದೇ ನೆಲದಲ್ಲಿ ಮೂರು ಬಗೆಯ ಸೋಲು ಮೂರು ಜಾಗದಲ್ಲಿ ಕಂಡಿತು.

ಶೆಡ್ಡಿನ ನಡುಭಾಗದ ಚೂರುಗಳ ಬೆನ್ನಿಗೆ ಪುಡಿ ಇತ್ತು. ಮನೆ ಕಟ್ಟುವಾಗ ಕಾಂಕ್ರೀಟಿಗೆ ನೀರು ಹೆಚ್ಚಾಗಿ, ಕರಣೆಯಿಂದ ಉಜ್ಜಿದಂತೆಲ್ಲ ಸಿಮೆಂಟಿನ ಹಾಲು ಮೇಲೆ ಬಂದು ತೆಳುವಾದ, ಜೊಳ್ಳಾದ ಪದರವಾಗಿ ಒಣಗಿತ್ತು. ಯಜಮಾನರ ಧೂಳಿನ ದೂರಿಗೂ ಇದೇ ಮೂಲ. ಆ್ಯಸಿಡ್ ತೊಳೆತವು ಈ ಪದರವನ್ನು ಅಲ್ಲಲ್ಲಿ ತಿಂದಿತ್ತೇ ಹೊರತು ಪೂರ್ತಿ ತೆಗೆದಿರಲಿಲ್ಲ. ಮನೆಗಳಲ್ಲಿ ಆ್ಯಸಿಡ್ ತೊಳೆತವನ್ನು ನಾನು ಒಪ್ಪದಿರಲು ಇನ್ನೊಂದು ಕಾರಣವೂ ಇದೆ. ಹೈಡ್ರೋಕ್ಲೋರಿಕ್ ಆ್ಯಸಿಡ್ ಕಾಂಕ್ರೀಟಿನ ಸುಣ್ಣದ ಅಂಶದೊಡನೆ ಸೇರಿದಾಗ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣ ಉಂಟಾಗುತ್ತದೆ. ಈ ಲವಣ ಗಾಳಿಯಿಂದಲೂ ನೆಲದಿಂದಲೂ ತೇವವನ್ನು ಹೀರಿಕೊಳ್ಳುವಂಥದ್ದು. ಸಾಕಷ್ಟು ನೀರು ಹಾಕಿ ಮತ್ತೆ ಮತ್ತೆ ತೊಳೆಯದಿದ್ದರೆ ಅದು ಬಣ್ಣದ ಕೆಳಗೇ ಉಳಿಯುತ್ತದೆ. ತೊಳೆದರೆ ಆ ನೀರೆಲ್ಲ ಕಾಂಕ್ರೀಟಿನೊಳಗೆ ಇಳಿದು ಆರಲು ವಾರಗಳು ಬೇಕಾಗುತ್ತವೆ. ಮಳೆಗಾಲದ ಕೊನೆಯಲ್ಲಿ ಎರಡು ದಿನ ಯಾವ ಲೆಕ್ಕಕ್ಕೂ ಸಾಲದು.

ಚಕ್ರ ನಿಲ್ಲುವ ನಾಲ್ಕು ಜಾಗಗಳಲ್ಲಿ ಚೂರುಗಳ ಬೆನ್ನು ಸ್ವಚ್ಛವಾಗಿತ್ತು, ಮುಖದ ಮೇಲೆ ಟೈರಿನ ಅಚ್ಚು ಒತ್ತಿತ್ತು. ಧಾರವಾಡದಿಂದ ಸುಮಾರು 20 ಕಿಲೋಮೀಟರ್ ಓಡಿ ಬಂದ ಕಾರಿನ ಟೈರು, ಅದರಲ್ಲೂ ಬೇಸಿಗೆಯ ಇಳಿಹೊತ್ತಿನಲ್ಲಿ, ಚೆನ್ನಾಗಿ ಕಾದಿರುತ್ತದೆ. ಸಾಮಾನ್ಯ ಹವೆಯಲ್ಲಿ ಗಟ್ಟಿಯಾಗುವ ಎಪಾಕ್ಸಿಗಳಲ್ಲಿ ಹೆಚ್ಚಿನವು 50ರಿಂದ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತವೆ. ರಬ್ಬರಿಗೆ ಮೃದುತ್ವ ಕೊಡಲು ಬೆರೆಸಿದ ಎಣ್ಣೆಯಂಥ ಪದಾರ್ಥಗಳು ಬಿಸಿಗೆ ಹೊರಬಂದು ಬಣ್ಣವನ್ನು ಇನ್ನಷ್ಟು ಮೆತ್ತಗೆ ಮಾಡುತ್ತವೆ. ರಾತ್ರಿ ಟೈರು ತಣ್ಣಗಾಗಿ ಕುಗ್ಗುವಾಗ ಬಣ್ಣವನ್ನು ಹಿಡಿದೆಳೆಯುತ್ತದೆ. ಬೆಳಿಗ್ಗೆ ಕಾರು ಹೊರಡುವಾಗ ಅದು ಟೈರಿನೊಂದಿಗೇ ಎದ್ದುಬರುತ್ತದೆ. ದಪ್ಪವಾದ, ಚೆನ್ನಾಗಿ ಬೇರೂರಿದ ಲೇಪನ ಈ ಎಳೆತವನ್ನು ತಾಳಿಕೊಳ್ಳುತ್ತದೆ, ತೆಳುವಾದದ್ದು ತಾಳುವುದಿಲ್ಲ.

ಮೂರನೆಯದು ಹಿಂಬದಿಯ ಎಡ ಮೂಲೆ. ಅಲ್ಲಿ ಬಣ್ಣ ಕಿತ್ತಿರಲಿಲ್ಲ, ಗುಳ್ಳೆಯೆದ್ದಿತ್ತು. ಕಡಲೆಕಾಳಿನಿಂದ ಹಿಡಿದು ರೂಪಾಯಿ ನಾಣ್ಯದಷ್ಟು ಅಗಲದ ಗುಳ್ಳೆಗಳು. ಸೂಜಿಯಿಂದ ಚುಚ್ಚಿದಾಗ ಒಳಗಿನಿಂದ ನೀರು ಬಂತು, ಪರೀಕ್ಷೆಯ ಕಾಗದ ಅದ್ದಿದರೆ ಕ್ಷಾರದ ಬಣ್ಣ ತೋರಿತು. ಕಾಂಕ್ರೀಟಿನ ಕ್ಷಾರವನ್ನು ಕರಗಿಸಿಕೊಂಡು ಕೆಳಗಿನಿಂದ ಮೇಲೆ ಬಂದ ನೀರು ಇದು. ಮೇಲಿನಿಂದ ಬಿದ್ದು ಒಳಗೆ ಇಳಿದದ್ದಲ್ಲ. ಅದೂ ಏಪ್ರಿಲ್ ತಿಂಗಳಲ್ಲಿ, ಸುತ್ತಲಿನ ಎರೆಹೊಲಗಳು ಬಿರುಕುಬಿಟ್ಟು ಬಾಯಿ ತೆರೆದಿರುವ ಹೊತ್ತಿನಲ್ಲಿ. ನಾನು ಸುಣ್ಣದ ಕಡ್ಡಿಯಿಂದ ಗುಳ್ಳೆಗಳ ಸುತ್ತ ಗೆರೆ ಎಳೆಯುತ್ತಾ ಹೋದಂತೆ ಗೌಂಡಿ ಅದನ್ನು ಗುರುತಿಸಿದ. "ಸರ್, ಟಾಕಿ ಎಷ್ಟೈತಿ ಅಷ್ಟಕ್ಕೇ ಗುಳ್ಳಿ ಎದ್ದಾವ ನೋಡ್ರಿ" ಎಂದ. ಅವನು ಹೇಳಿದ್ದು ಸರಿಯಾಗಿತ್ತು. ಗೆರೆ ಟಾಕಿಯ ಆಯತವನ್ನೇ ನೆಲದ ಮೇಲೆ ಬರೆದಿತ್ತು, ಒಂದು ಪಕ್ಕದಲ್ಲಿ ಮಾತ್ರ ಅದನ್ನು ದಾಟಿ ಎರಡಡಿ ಮುಂದಕ್ಕೆ ಹರಡಿತ್ತು.

ಟಾಕಿಯ ತಪಾಸಣೆ

ಹುಬ್ಬಳ್ಳಿ-ಧಾರವಾಡದಲ್ಲಿ ನೆಲದೊಳಗಿನ ಟಾಕಿಯಿಲ್ಲದ ಸ್ವಂತ ಮನೆ ಅಪರೂಪ. ಮಲಪ್ರಭೆಯ ನೀರು ಸವದತ್ತಿಯ ಕಡೆಯಿಂದ ಬಂದರೂ ಅವಳಿನಗರದ ಬಹಳಷ್ಟು ಬಡಾವಣೆಗಳಿಗೆ ನಳ ಬರುವುದು ಹಲವು ದಿನಗಳಿಗೊಮ್ಮೆ. ಬಂದ ದಿನ ತುಂಬಿಟ್ಟುಕೊಳ್ಳಲೇಬೇಕು. ನಿವೇಶನದಲ್ಲಿ ಬೇರೆ ಜಾಗವಿರುವುದಿಲ್ಲವಾದ್ದರಿಂದ ಟಾಕಿ ಸಾಮಾನ್ಯವಾಗಿ ಕಾರು ನಿಲ್ಲುವ ನೆಲದ ಕೆಳಗೇ ಬರುತ್ತದೆ. ಎಪಾಕ್ಸಿಯ ಡಬ್ಬಿಯ ಮೇಲಿನ ಸೂಚನೆಗಳನ್ನು ಬರೆದವರ ಮನಸ್ಸಿನಲ್ಲಿ ಇಂಥ ನೆಲ ಇದ್ದಿರಲಾರದು. ನಮ್ಮಲ್ಲಿ ಮಾತ್ರ ಇದೇ ಸಾಮಾನ್ಯ.

ಟಾಕಿಯ ಮುಚ್ಚಳದ ಸ್ಲ್ಯಾಬಿನ ಅಡಿಯಲ್ಲಿ ಗಾಳಿ ಸದಾ ತೇವದಿಂದ ತುಂಬಿರುತ್ತದೆ. ಆ ಆವಿ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲಕ್ಕೆ ಹೋಗಲು ನೋಡುತ್ತದೆ. ಬರಿಯ ಕಾಂಕ್ರೀಟಿನಲ್ಲಿ ಅದು ಗಾಳಿಗೆ ಸೇರಿಹೋಗುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಮೇಲೆ ಎಪಾಕ್ಸಿಯ ಬಿಗಿಯಾದ ಪದರ ಕೂತರೆ ಆವಿಗೆ ದಾರಿಯಿಲ್ಲ. ಅದು ಪದರದ ಕೆಳಗೆ ನೀರಾಗಿ ನಿಂತು, ಅಲ್ಲಿರುವ ಲವಣಗಳಿಂದಾಗಿ ಇನ್ನಷ್ಟು ನೀರನ್ನು ತನ್ನತ್ತ ಸೆಳೆದುಕೊಂಡು, ಕೊನೆಗೆ ಬಣ್ಣವನ್ನು ಮೇಲೆತ್ತುತ್ತದೆ. ಇಷ್ಟರಿಂದ ಟಾಕಿಯ ಮೇಲಿನ ಗುಳ್ಳೆಗಳಿಗೆ ಉತ್ತರ ಸಿಕ್ಕಿತು. ಪಕ್ಕಕ್ಕೆ ಹರಡಿದ ಎರಡಡಿಗೆ ಸಿಗಲಿಲ್ಲ.

ಅದಕ್ಕಾಗಿ ಟಾಕಿಯನ್ನೇ ಪರೀಕ್ಷಿಸಿದೆವು. ಮುಚ್ಚಳಕ್ಕಿಂತ ಅರ್ಧ ಅಡಿ ಕೆಳಗಿನವರೆಗೆ ನೀರು ತುಂಬಿ, ಗೋಡೆಯ ಮೇಲೆ ಗುರುತು ಮಾಡಿ, ಪಂಪು ಹಚ್ಚದೆ ರಾತ್ರಿಯಿಡೀ ಬಿಟ್ಟಾಗ ನೀರು ಗುರುತಿನಲ್ಲೇ ಇತ್ತು. ಕಂಠದವರೆಗೆ ತುಂಬಿ ಬಿಟ್ಟಾಗ ಬೆಳಗಾಗುವಷ್ಟರಲ್ಲಿ ಮೂರು-ನಾಲ್ಕು ಇಂಚು ಇಳಿದು ಒಂದು ಮಟ್ಟದಲ್ಲಿ ನಿಂತಿತು. ಟಾಕಿಯ ಗೋಡೆಗೂ ಮುಚ್ಚಳದ ಸ್ಲ್ಯಾಬಿಗೂ ನಡುವಿನ ಸಂದಿಯಲ್ಲಿ ಗಿಲಾವು ಪೂರ್ತಿ ಬಂದಿರಲಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ಯಜಮಾನರ ಮನೆಯವರ ಮಾತು ಉಳಿದದ್ದನ್ನು ತಿಳಿಸಿತು: "ನಳ ನಡುರಾತ್ರಿ ಬರ್ತಾವ್ರಿ, ವಾಲ್ ತಗದಿಟ್ಟು ಮಲಕೊಂಡಬಿಡ್ತೀವಿ." ಟಾಕಿ ತುಂಬಿದಾಗ ನೀರನ್ನು ತಾನಾಗಿ ನಿಲ್ಲಿಸುವ ಫ್ಲೋಟ್ ವಾಲ್ ಕೆಟ್ಟಿತ್ತು, ಹೆಚ್ಚಾದ ನೀರು ಹೊರಹೋಗಲು ಪೈಪೂ ಇರಲಿಲ್ಲ. ನಳ ಬಂದ ಪ್ರತಿ ರಾತ್ರಿಯೂ ಕಂಠಕ್ಕೇರಿದ ನೀರು ಆ ಸಂದಿಯಿಂದ ಹೊರಬಿದ್ದು ಕಾಂಕ್ರೀಟಿನ ಕೆಳಗಿನ ಗರಸಿಗೆ ಇಳಿಯುತ್ತಿತ್ತು. ಗರಸಿನ ಕೆಳಗಿರುವುದು ಎರೆಮಣ್ಣು. ನೀರನ್ನು ಬೇಗ ಕೆಳಗಿಳಿಸದೆ ಹಿಡಿದಿಟ್ಟುಕೊಳ್ಳುವುದು ಅದರ ಸ್ವಭಾವ. ಧಾರವಾಡದ ಪಶ್ಚಿಮದ ಕೆಂಪು ಜಂಬುನೆಲದ ಇಳಿಜಾರಿನಲ್ಲಿ ಇದೇ ಸೋರಿಕೆ ಇದ್ದಿದ್ದರೆ ನೀರು ಇಳಿದುಹೋಗಿ ಪ್ರಾಯಶಃ ಯಾರಿಗೂ ತಿಳಿಯುತ್ತಿರಲಿಲ್ಲ.

ದುರಸ್ತಿಯಲ್ಲಿ ವಿಶೇಷವೇನಿಲ್ಲ. ಸಂದಿಯನ್ನು ಕೆತ್ತಿ ನೀರುನಿರೋಧಕ ಬೆರೆಸಿದ ಗಾರೆಯಿಂದ ಮುಚ್ಚಿ, ಹೊಸ ಫ್ಲೋಟ್ ವಾಲ್ ಕೂರಿಸಿ, ಹೆಚ್ಚುವರಿ ನೀರಿಗೆ ಗಟಾರದವರೆಗೆ ಪೈಪು ಹಾಕಿ, ಆವಿ ಹೊರಹೋಗಲು ಸೊಳ್ಳೆಜಾಲರಿ ಕಟ್ಟಿದ ಇನ್ನೊಂದು ಪೈಪನ್ನು ಗೋಡೆಯಾಚೆಗೆ ತೆಗೆದದ್ದಾಯಿತು. ಅದಾದ ಮೇಲೆ ಲೇಪನ ಹಚ್ಚದೆ ಒಂದು ಮಳೆಗಾಲವನ್ನು ಕಳೆಯೋಣ ಎಂದೆ. ಯಜಮಾನರು ಒಪ್ಪಿದ್ದು ಸುಲಭದಲ್ಲಲ್ಲ, ಮುಂದಿನ ದಸರೆಗೂ ನೆಲ ಹಾಗೇ ಇರುತ್ತದೆಂಬುದು ಅವರಿಗೆ ಬೇಸರವೇ ಆಗಿತ್ತು. ಆದರೆ ಸೋರಿಕೆ ನಿಂತಿದೆಯೋ ಇಲ್ಲವೋ ಎಂಬುದನ್ನು ಮಳೆಗಾಲಕ್ಕಿಂತ ಚೆನ್ನಾಗಿ ಹೇಳುವ ಪರೀಕ್ಷೆ ಬೇರೆ ಇಲ್ಲವೆಂದು ನಾನು ಈಗಲೂ ನಂಬುತ್ತೇನೆ.

ಆ ಅವಧಿಯಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಲು ಅನುಕೂಲವಾಯಿತು. ಶಟರಿನ ಕಂಬದಿಂದ ಓರೆಯಾಗಿ ಒಳಕ್ಕೆ ಸಾಗಿದ ಒಂದು ಬಿರುಕಿತ್ತು. ಅದರ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಗಟ್ಟಿಯಾಗಿ ಅಂಟಿಸಿದ್ದೆವು. ಮಳೆ ಹಿಡಿದು ಎರೆಮಣ್ಣು ಉಬ್ಬಿದಾಗ ಗಾಜು ಸೀಳಿತು. ಅಂದರೆ ಬಿರುಕು ಇನ್ನೂ ಚಲಿಸುತ್ತಿದೆ. ಅದನ್ನು ಗಟ್ಟಿ ಎಪಾಕ್ಸಿ ಪುಟ್ಟಿಯಿಂದ ತುಂಬಿದರೆ ಬೇಸಿಗೆಯಲ್ಲಿ ಪಕ್ಕದಲ್ಲೇ ಹೊಸದು ಹುಟ್ಟುತ್ತದೆ.

ಎಲ್ಲಿ ಹಚ್ಚುವುದು, ಎಲ್ಲಿ ಬಿಡುವುದು

ಮಳೆಗಾಲ ಮುಗಿದು ಚಳಿಗಾಲವೂ ಕಳೆಯುತ್ತಿದ್ದಂತೆ ತೇವದ ಪರೀಕ್ಷೆಗಳನ್ನು ಮಾಡಿದೆವು. ಸರಳವಾದದ್ದು ಪ್ಲಾಸ್ಟಿಕ್ ಹಾಳೆಯದು: ಒಂದೂವರೆ ಅಡಿ ಚೌಕದ ಪಾರದರ್ಶಕ ಹಾಳೆಯನ್ನು ನಾಲ್ಕೂ ಅಂಚು ಟೇಪಿನಿಂದ ಬಿಗಿದು ಕನಿಷ್ಠ 16 ಗಂಟೆ ಬಿಟ್ಟು ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿಗಳಿದ್ದರೆ ಅಥವಾ ಕಾಂಕ್ರೀಟು ಕಪ್ಪಾಗಿದ್ದರೆ ತೇವವಿದೆ ಎಂದರ್ಥ. ಇದನ್ನು ನಳ ಬಂದ ಮರುದಿನವೇ, ಟಾಕಿ ತುಂಬಿರುವಾಗ ಮಾಡಬೇಕೆಂದು ನಾನು ಪಟ್ಟು ಹಿಡಿದೆ. ಟಾಕಿ ತಳ ಕಂಡಿರುವ ದಿನ ಮಾಡಿದ ಪರೀಕ್ಷೆ ನಮ್ಮೂರಿನಲ್ಲಿ ನಂಬಲರ್ಹವಲ್ಲ. ಇದರೊಂದಿಗೆ ಕ್ಯಾಲ್ಸಿಯಂ ಕಾರ್ಬೈಡ್ ಮೀಟರನ್ನೂ ಬಳಸಿದೆವು. ಕೊರೆದು ತೆಗೆದ ಕಾಂಕ್ರೀಟಿನ ಪುಡಿಯನ್ನು ಮುಚ್ಚಿದ ಪಾತ್ರೆಯಲ್ಲಿ ಕಾರ್ಬೈಡಿನೊಡನೆ ಕುಲುಕಿದಾಗ, ತೇವವಿದ್ದಷ್ಟು ಅಸಿಟಿಲಿನ್ ಅನಿಲ ಹುಟ್ಟಿ ಒತ್ತಡದ ಮುಳ್ಳು ಏರುತ್ತದೆ. ನೆಲಕ್ಕೆ ಮೊದಲು ಹಚ್ಚುವ ಸಾಮಾನ್ಯ ಎಪಾಕ್ಸಿ ಪ್ರೈಮರುಗಳಿಗೆ ತೂಕದಲ್ಲಿ ಶೇ. 4ರ ಒಳಗೆ ತೇವವಿರಬೇಕೆಂಬುದು ರೂಢಿಯಲ್ಲಿರುವ ಮಿತಿ.

ಶೆಡ್ಡಿನ ಮುಂಭಾಗ ಮತ್ತು ನಡುಭಾಗ ಈ ಮಿತಿಯೊಳಗೆ ಬಂದವು. ಹಿಂದೆ ಎರಡಡಿ ಹರಡಿದ್ದ ಜಾಗವೂ ಒಣಗಿತ್ತು, ಅಂದರೆ ಸೋರಿಕೆ ನಿಂತಿತ್ತು. ಟಾಕಿಯ ನೇರ ಮೇಲಿನ ಭಾಗ ಮಾತ್ರ ಮಿತಿಯನ್ನು ಮೀರಿಯೇ ಇತ್ತು, ಅದು ಯಾವತ್ತೂ ಮೀರಿಯೇ ಇರುತ್ತದೆ. ಇಂಥ ಜಾಗಕ್ಕೆ ಎಪಾಕ್ಸಿ ಮತ್ತು ಸಿಮೆಂಟು ಬೆರೆತ ಮೂರು ಭಾಗದ ವಿಶೇಷ ಗಾರೆಯನ್ನು ಎರಡು-ಮೂರು ಮಿಲಿಮೀಟರ್ ದಪ್ಪ ಹಾಸಿ, ಅದರ ಮೇಲೆ ಎಪಾಕ್ಸಿ ಹಚ್ಚುವ ವಿಧಾನವಿದೆ. ಹಸಿ ಕಾಂಕ್ರೀಟಿನ ತೇವ ಆರುವವರೆಗೆ ತಡೆಯಾಗಿ ನಿಲ್ಲಲು ಅದು ಒಳ್ಳೆಯದು. ಆದರೆ ಕೆಳಗೆ ನೀರು ತುಂಬಿದ ಟಾಕಿಯೇ ಇರುವಾಗ ತೇವ ಆರುವ ದಿನವೆಂಬುದೇ ಇಲ್ಲ. ತಾತ್ಕಾಲಿಕ ತಡೆಯನ್ನು ಶಾಶ್ವತ ತೇವದ ಮುಂದೆ ನಿಲ್ಲಿಸುವುದು ನನಗೆ ಸರಿಕಾಣಲಿಲ್ಲ.

ಆದ್ದರಿಂದ ಟಾಕಿಯ ಮೇಲೆ ಎಪಾಕ್ಸಿ ಬೇಡವೆಂದು ತೀರ್ಮಾನಿಸಿದೆವು. ಟಾಕಿಯ ಆಯತಕ್ಕೆ ತೆರೆದ ಎರಡು ಬದಿಗಳಲ್ಲಿ ಒಂದೊಂದಡಿ ಸೇರಿಸಿ 9 ಅಡಿಗೆ 7 ಅಡಿ ಜಾಗವನ್ನು ಗುರುತು ಮಾಡಿ, ಮುಚ್ಚಳದ ಸ್ಲ್ಯಾಬಿನ ಮೇಲಿದ್ದ ಹಳೆಯ ಸಿಮೆಂಟು ಪದರವನ್ನು ಕೆತ್ತಿ ತೆಗೆದು, ಅದೇ ಮಟ್ಟಕ್ಕೆ ಶಹಾಬಾದ್ ಫರಸಿ ಹಾಸಿದೆವು. ಕಲ್ಲಿನ ಸಂದುಗಳ ಗಾರೆಯ ಮೂಲಕ ಆವಿ ಹೊರಹೋಗುತ್ತದೆ. ಸಂದುಗಳಲ್ಲಿ ಬಿಳಿಯ ಉಪ್ಪು ಮೂಡಿದರೂ ಕುಂಚದಿಂದ ಉಜ್ಜಿದರೆ ಹೋಗುತ್ತದೆ, ಯಾವುದೂ ಕಿತ್ತುಬರುವುದಿಲ್ಲ. ನೆಲವೆಲ್ಲ ಒಂದೇ ಬಣ್ಣವಾಗಿರಬೇಕೆಂಬ ಯಜಮಾನರ ಆಸೆ ಇದರಿಂದ ಈಡೇರಲಿಲ್ಲ. ಬೂದುಬಣ್ಣದ ಎಪಾಕ್ಸಿಗೂ ಫರಸಿಯ ಬೂದಿಗೂ ಹೊಂದಿಕೆಯಾಗುವಂತೆ ಛಾಯೆ ಆರಿಸಿದ ಮೇಲೆ ಅವರಿಗೆ ಸಮಾಧಾನವಾಯಿತು.

ಧೂಳು ಮಾತ್ರವೇ ತೊಂದರೆಯಾಗಿರುವ, ಕೆಳಗೆ ತೇವವಿರುವ ಶೆಡ್ಡುಗಳಲ್ಲಿ ಸೋಡಿಯಂ ಅಥವಾ ಲಿಥಿಯಂ ಸಿಲಿಕೇಟಿನ ದ್ರಾವಣ ಹಚ್ಚಿ ಕಾಂಕ್ರೀಟಿನ ಮೈಯನ್ನೇ ಗಟ್ಟಿ ಮಾಡಿಕೊಂಡರೆ ಸಾಕಾಗುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ಅದು ಪದರ ಕಟ್ಟುವುದಿಲ್ಲ, ಆವಿಯನ್ನು ತಡೆಯುವುದಿಲ್ಲ. ಈ ಮನೆಯಲ್ಲಿ ಆಯಿಲ್ ಕಲೆ ನಿಲ್ಲಬಾರದು, ಬಣ್ಣವೂ ಬೇಕು ಎಂಬ ಅಪೇಕ್ಷೆ ಇದ್ದುದರಿಂದ ಎಪಾಕ್ಸಿಯನ್ನೇ ಆರಿಸಿದೆವು.

ನೆಲ ಕೆರೆಯುವುದು

ಉಳಿದ ಸುಮಾರು 300 ಚದರಡಿಯ ಹಳೆಯ ಬಣ್ಣವನ್ನೂ ಜೊಳ್ಳು ಪದರವನ್ನೂ ವಜ್ರದ ಹಲ್ಲುಗಳಿರುವ ಗ್ರೈಂಡಿಂಗ್ ಯಂತ್ರದಿಂದ ಕೆರೆಸಿದೆವು. ಗ್ರಾನೈಟು, ಮೊಸಾಯಿಕ್ ಪಾಲಿಶ್ ಮಾಡುವವರ ಯಂತ್ರ ಹುಬ್ಬಳ್ಳಿಯಲ್ಲಿ ಸುಲಭವಾಗಿ ಸಿಗುತ್ತದೆ ಮತ್ತು ಬಾಡಿಗೆಯೂ ಕಡಿಮೆ. ಆದರೆ ಅವರು ನೀರು ಬಿಟ್ಟುಕೊಂಡು ತಿಕ್ಕುವವರು, ತಿಕ್ಕುವುದೂ ಹೊಳಪಿಗಾಗಿ. ಇಲ್ಲಿ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಒಣ ಕೆಲಸ, ಒರಟು ಮೈ. ಧೂಳು ಹೀರುವ ವ್ಯಾಕ್ಯೂಮ್ ಜೋಡಿಸಿದ ಯಂತ್ರವನ್ನೇ ತರಿಸಿದೆವು, ಏಕೆಂದರೆ ಕಾಂಕ್ರೀಟಿನ ಧೂಳಿನಲ್ಲಿರುವ ಸಿಲಿಕಾ ಪುಪ್ಪುಸಕ್ಕೆ ತೀವ್ರ ಹಾನಿ ಮಾಡುವಂಥದ್ದು; ಬಾಯಿಗೆ ಟವೆಲ್ಲು ಕಟ್ಟಿಕೊಂಡರೆ ಅದು ತಡೆಯಾಗುವುದಿಲ್ಲ, ಸೂಕ್ಷ್ಮ ಧೂಳನ್ನು ಸೋಸುವ ಮಾಸ್ಕೇ ಬೇಕು. ಗೋಡೆಯಂಚುಗಳನ್ನು ಕೈಯಂತ್ರದ ವಜ್ರದ ಬಟ್ಟಲಿನಿಂದ ಕೆರೆದರು.

ಎಷ್ಟು ಕೆರೆದರೆ ಸಾಕು? ಒರಟು ಮರಳುಕಾಗದದಂತೆ ಕೈಗೆ ಹತ್ತಬೇಕು, ಖಡಿಯ ಸಣ್ಣ ಕಣಗಳು ಅಲ್ಲಲ್ಲಿ ಮುಖ ತೋರಿಸಬೇಕು. ಮೊಳೆಯ ತುದಿಯಿಂದ ಗೀರಿದರೆ ಪುಡಿ ಏಳದೆ ಬಿಳಿಗೆರೆಯಷ್ಟೇ ಬೀಳಬೇಕು. ಕಾರ್ಖಾನೆಗಳ ನೆಲಗಳಲ್ಲಿ ಅಂಟಿಸಿ ಎಳೆಯುವ ಯಂತ್ರದಿಂದ ಪರೀಕ್ಷಿಸಿ ಚದರ ಮಿಲಿಮೀಟರಿಗೆ 1.5 ನ್ಯೂಟನ್ ಬಲ ತಾಳುವುದೇ ಎಂದು ನೋಡುತ್ತಾರೆ. ಒಂದು ಮನೆಯ ಶೆಡ್ಡಿಗೆ ಅಷ್ಟೆಲ್ಲ ಮಾಡಿಸಲಿಲ್ಲ. ಎಣ್ಣೆಯ ಕಲೆಗಳನ್ನು ಕೆರೆಯುವ ಮೊದಲೇ ಬಿಸಿನೀರು ಮತ್ತು ಎಣ್ಣೆ ತೆಗೆಯುವ ದ್ರಾವಣದಿಂದ ತಿಕ್ಕಿ ತೆಗೆದಿದ್ದೆವು. ಕೆರೆದ ಮೇಲೆ ನಾಲ್ಕಾರು ಕಡೆ ನೀರಿನ ಹನಿ ಬಿಟ್ಟು ನೋಡಿದೆವು. ಹನಿ ಮುತ್ತಿನಂತೆ ನಿಲ್ಲದೆ ತಕ್ಷಣ ಇಂಗಿದರೆ ಪ್ರೈಮರೂ ಇಂಗುತ್ತದೆ. ಸ್ಕೂಟರು ನಿಲ್ಲುತ್ತಿದ್ದ ಒಂದು ಕಡೆ ಹನಿ ನಿಂತಿತು, ಅಲ್ಲಿ ಮತ್ತೆ ತೊಳೆದು, ಒಣಗಿಸಿ, ಮತ್ತೆ ಕೆರೆದರು. ಇಡೀ ಕೆಲಸದ ಖರ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಈ ಹಂತಕ್ಕೇ ಹೋಯಿತು, ಹೋಗಬೇಕಾದದ್ದೂ ಹೌದು.

ಚಲಿಸುವ ಬಿರುಕನ್ನು ಕಟರಿನಿಂದ ನೇರ ಅಂಚಿನ ಸೀಳಾಗಿ ಅಗಲ ಮಾಡಿ, ಕೊನೆಯಲ್ಲಿ ಹಿಗ್ಗಬಲ್ಲ ಪಾಲಿಯುರೆಥೇನ್ ಸೀಲಂಟು ತುಂಬಲು ಹಾಗೇ ಬಿಟ್ಟೆವು. ಶಟರಿನ ಹೊಸ್ತಿಲಿನ ಉದ್ದಕ್ಕೂ, ಫರಸಿಯ ಅಂಚಿಗೂ, ಕಾಲಿಂಚು ಆಳದ ತೋಡು ಕೊರೆಸಿ ಲೇಪನದ ಕೊನೆ ಅದರೊಳಗೆ ಇಳಿದು ಕೂರುವಂತೆ ಮಾಡಿದೆವು. ಲೇಪನ ಏಳತೊಡಗುವುದು ಬಹುಮಟ್ಟಿಗೆ ತೆಳುವಾಗಿ ಮುಗಿದ ಅಂಚಿನಿಂದ.

ಡಬ್ಬಿಯ ಲೆಕ್ಕ

ಎಪಾಕ್ಸಿ ಸಾಮಾನ್ಯ ಬಣ್ಣದಂತೆ ಒಣಗುವುದಲ್ಲ. ರಾಳ ಮತ್ತು ಅಮೈನ್ ಗುಂಪಿನ ಗಟ್ಟಿಕಾರಕ ಎಂಬ ಎರಡು ದ್ರವಗಳು ರಾಸಾಯನಿಕವಾಗಿ ಬೆಸೆದು ಒಂದೇ ಗಟ್ಟಿ ವಸ್ತುವಾಗುತ್ತವೆ. ದ್ರಾವಕವಿಲ್ಲದ ಎಪಾಕ್ಸಿಯಲ್ಲಿ ಹಚ್ಚಿದಷ್ಟೂ ನೆಲದ ಮೇಲೆ ಉಳಿಯುತ್ತದೆ. ಒಂದು ಚದರ ಮೀಟರಿಗೆ ಒಂದು ಲೀಟರ್ ಸುರಿದರೆ ಒಂದು ಮಿಲಿಮೀಟರ್ ದಪ್ಪ. ಹಳೆಯ ಕೆಲಸಕ್ಕೆ ತಂದಿದ್ದ ಡಬ್ಬಿಯ ಮೇಲೆ ಲೀಟರಿಗೆ ನೂರು ಚದರಡಿ ಎಂದಿತ್ತು. ನೂರು ಚದರಡಿ ಎಂದರೆ 9.3 ಚದರ ಮೀಟರ್, ಹಾಗಾಗಿ ಹಸಿ ಪದರದ ದಪ್ಪ ಸುಮಾರು 107 ಮೈಕ್ರಾನ್ (ಸಾವಿರ ಮೈಕ್ರಾನ್ ಎಂದರೆ ಒಂದು ಮಿಲಿಮೀಟರ್). ಅದರಲ್ಲಿ ಅರ್ಧ ದ್ರಾವಕವಾಗಿದ್ದರೆ ಆರಿದ ಮೇಲೆ ಉಳಿಯುವುದು 54 ಮೈಕ್ರಾನಿನಷ್ಟು, ಎರಡು ಕೋಟು ಸೇರಿದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಕಾರಿನ ಬಿಸಿ ಟೈರಿನ ಮುಂದೆ ನಿಂತಿದ್ದದ್ದು ಇಷ್ಟೇ.

ಹೊಸ ಕೆಲಸಕ್ಕೆ ಸುಮಾರು 28 ಚದರ ಮೀಟರಿಗೆ ದ್ರಾವಕವಿಲ್ಲದ ತೆಳುವಾದ ಪ್ರೈಮರು ಚದರ ಮೀಟರಿಗೆ ಕಾಲು ಲೀಟರಿನಂತೆ 7 ಲೀಟರ್, ಅದರ ಮೇಲೆ ಎರಡು ಕೋಟು ಅದೇ ಪ್ರಮಾಣದಲ್ಲಿ, ಪ್ರತಿಯೊಂದೂ 250 ಮೈಕ್ರಾನ್, ಎಲ್ಲದರ ಮೇಲೆ ಬಿಸಿಲಿಗೆ ಹಳದಿಯಾಗದ ಅಲಿಫ್ಯಾಟಿಕ್ ಪಾಲಿಯುರೆಥೇನಿನ ತೆಳುವಾದ ಪದರ. ಕೊನೆಯದು ಪಶ್ಚಿಮದ ಬಿಸಿಲು ಬೀಳುವ ಶಟರಿನ ಬಾಯಿಗೆ ಅನಿವಾರ್ಯವಾಗಿತ್ತು. ಎಪಾಕ್ಸಿ ಬಿಸಿಲಿಗೆ ಹಳದಿಯಾಗಿ ಕ್ರಮೇಣ ಸುಣ್ಣದಂತೆ ಪುಡಿಯಾಗುತ್ತದೆ. ಪಾಲಿಯುರೆಥೇನು ಬಿಸಿ ಟೈರನ್ನೂ ಚೆನ್ನಾಗಿ ತಾಳುವುದರಿಂದ ಇಡೀ ನೆಲಕ್ಕೆ ಹಚ್ಚಿಸಿದೆವು.

ಹವೆ ಮತ್ತು ಹೊತ್ತು

ಎಪಾಕ್ಸಿ ಹಚ್ಚುವಾಗ ನೆಲದ ಉಷ್ಣತೆ ಆ ಹೊತ್ತಿನ ಇಬ್ಬನಿ ಬಿಂದುವಿಗಿಂತ, ಅಂದರೆ ಗಾಳಿಯ ತೇವ ನೀರಾಗತೊಡಗುವ ಉಷ್ಣತೆಗಿಂತ, ಕನಿಷ್ಠ 3 ಡಿಗ್ರಿ ಮೇಲಿರಬೇಕೆಂಬ ನಿಯಮವಿದೆ. ಇಲ್ಲದಿದ್ದರೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಪದರದ ಕೆಳಗೂ ಮೇಲೂ ಕೂರುತ್ತದೆ. ತೇವ ಮತ್ತು ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಗಟ್ಟಿಕಾರಕದ ಮೇಲೆ ಬಿಳಿಚಿದ ಜಿಗುಟನ್ನು ಉಂಟುಮಾಡುತ್ತವೆ, ಅದರ ಮೇಲೆ ಮುಂದಿನ ಕೋಟು ಹಿಡಿಯುವುದಿಲ್ಲ. ಮಳೆಗಾಲದ ಸಂಜೆ ಗಾಳಿ 24 ಡಿಗ್ರಿ, ಆರ್ದ್ರತೆ ಶೇ. 88 ಇದ್ದರೆ ಇಬ್ಬನಿ ಬಿಂದು ಸುಮಾರು 22 ಡಿಗ್ರಿ. ನೆಲವೂ 24ರ ಹತ್ತಿರವೇ ಇರುವುದರಿಂದ ಅಂತರ ಎರಡೇ ಡಿಗ್ರಿ. ದಸರೆಯ ಮುಂಚಿನ ಕೆಲಸ ಇಂಥ ಹವೆಯಲ್ಲಿ ನಡೆದಿರುವ ಸಂಭವ ಹೆಚ್ಚು. ಫೆಬ್ರುವರಿಯ ಕೊನೆಯಲ್ಲಿ 32 ಡಿಗ್ರಿ, ಶೇ. 35 ಆರ್ದ್ರತೆ ಇರುವಾಗ ಇಬ್ಬನಿ ಬಿಂದು 15ರ ಕೆಳಗಿರುತ್ತದೆ. ನಮ್ಮ ಕಡೆ ಈ ಕೆಲಸಕ್ಕೆ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಕಾಲವೇ ಪ್ರಶಸ್ತವೆಂದು ನನ್ನ ಅಭಿಪ್ರಾಯ. ಅದಕ್ಕಿಂತ ಮುಂದೆ ಹೋದರೆ ಬಿಸಿಲು ಏರಿ ಕಲಸಿದ ಮಾಲು ಕೈಯಲ್ಲೇ ಗಟ್ಟಿಯಾಗತೊಡಗುತ್ತದೆ, ಮುಂಗಾರಿನ ಪೂರ್ವದ ಅಡ್ಡಮಳೆಯ ಭಯವೂ ಸೇರುತ್ತದೆ.

ಹೊತ್ತಿನ ವಿಷಯದಲ್ಲಿ ಕೆಲಸಗಾರರಿಗೂ ನನಗೂ ಅಭಿಪ್ರಾಯ ಭೇದವಿತ್ತು. ಅವರು ಬೆಳಿಗ್ಗೆ ಬೇಗ ಶುರುಮಾಡಿ ಮುಗಿಸುವವರು. ಆದರೆ ಬೆಳಗಿನಿಂದ ಮಧ್ಯಾಹ್ನದವರೆಗೆ ಕಾಂಕ್ರೀಟು ಕಾಯುತ್ತಾ ಹೋಗುತ್ತದೆ, ಅದರ ರಂಧ್ರಗಳೊಳಗಿನ ಗಾಳಿ ಹಿಗ್ಗಿ ಹೊರಬರುತ್ತದೆ, ಹಸಿ ಪ್ರೈಮರಿನಲ್ಲಿ ಸೂಜಿಮೊನೆಯಂಥ ತೂತುಗಳನ್ನು ಬಿಟ್ಟುಹೋಗುತ್ತದೆ. ಇಳಿಹೊತ್ತಿನಲ್ಲಿ ನೆಲ ತಣಿಯುತ್ತಿರುವಾಗ ಹಚ್ಚಿದರೆ ಅದೇ ಗಾಳಿ ಕುಗ್ಗಿ ಪ್ರೈಮರನ್ನು ಒಳಗೆ ಎಳೆದುಕೊಳ್ಳುತ್ತದೆ. ಸಂಜೆ ಐದರ ಸುಮಾರಿಗೆ ಆರಂಭಿಸುವುದೆಂದಾಯಿತು.

ರಾಳ ಮತ್ತು ಗಟ್ಟಿಕಾರಕವನ್ನು ತಯಾರಕರು ಹೇಳಿದ ಪ್ರಮಾಣದಲ್ಲಿ, ತಕ್ಕಡಿಯಲ್ಲಿ ತೂಗಿ, ನಿಧಾನಗತಿಯ ಮಿಕ್ಸರಿನಿಂದ ಮೂರು ನಿಮಿಷ ಕಲಸಿ, ಇನ್ನೊಂದು ಶುದ್ಧ ಬಕೆಟ್ಟಿಗೆ ಸುರಿದು ಮತ್ತೊಮ್ಮೆ ಕಲಸಿದರು. ಮೊದಲ ಬಕೆಟ್ಟಿನ ಗೋಡೆಗೆ ಅಂಟಿ ಕಲಸದೆ ಉಳಿದ ಮಾಲು ನೆಲಕ್ಕೆ ಬಿದ್ದರೆ ಅಲ್ಲಿ ಎಂದಿಗೂ ಗಟ್ಟಿಯಾಗದ ಅಂಟು ಕಲೆ ಉಳಿಯುತ್ತದೆ. ಕಲಸಿದ ಮಾಲು ಬಕೆಟ್ಟಿನಲ್ಲೇ ಇದ್ದರೆ ತನ್ನದೇ ಬಿಸಿಗೆ ಕಾದು ಅರ್ಧ ಗಂಟೆಯೊಳಗೆ ಹೊಗೆಯಾಡುವ ಮಟ್ಟಕ್ಕೂ ಹೋಗಬಹುದು. ಉಷ್ಣತೆ 10 ಡಿಗ್ರಿ ಏರಿದರೆ ಸಿಗುವ ಸಮಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಕಲಸಿ ಕೂಡಲೇ ನೆಲಕ್ಕೆ ಸುರಿದು ಹರಡಿದರು. ಕೈಗವಸಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಗಟ್ಟಿಕಾರಕ ಚರ್ಮಕ್ಕೆ ತಾಗುತ್ತಾ ಹೋದರೆ ಒಂದು ದಿನ ಅಲರ್ಜಿ ಹುಟ್ಟುತ್ತದೆ, ಹುಟ್ಟಿದ ಮೇಲೆ ಆ ಮನುಷ್ಯ ಈ ಕಸುಬನ್ನೇ ಬಿಡಬೇಕಾಗಬಹುದು. ಥಿನ್ನರಿನಿಂದ ಕೈ ತೊಳೆಯುವ ಅಭ್ಯಾಸ ಅದನ್ನು ಚರ್ಮದೊಳಕ್ಕೆ ಇನ್ನಷ್ಟು ತಳ್ಳುತ್ತದೆ.

ಪ್ರತಿ ಕೋಟಿನ ನಡುವೆ ಒಂದು ರಾತ್ರಿಯ ಅಂತರ. ಮೊದಲ ಕೋಟು ಹಸಿಯಿರುವಾಗಲೇ ಚಕ್ರದ ಜಾಡಿನಲ್ಲಿ ಮತ್ತು ಶಟರಿನ ಇಳಿಜಾರಿನಲ್ಲಿ 0.3ರಿಂದ 0.8 ಮಿಲಿಮೀಟರಿನ ಒಣ ಕ್ವಾರ್ಟ್ಜ್ ಮರಳನ್ನು ಉದುರಿಸಿದರು, ಮಳೆಯಲ್ಲಿ ಸ್ಕೂಟರು ಜಾರದಿರಲೆಂದು. ಇದಕ್ಕೆ ಹೊಳೆ ಉಸುಕನ್ನು ಜರಡಿ ಹಿಡಿದು ಬಳಸೋಣವೆಂದು ಒಬ್ಬರು ಸೂಚಿಸಿದ್ದರು. ಹೊಳೆ ಉಸುಕಿನಲ್ಲಿ ಮಣ್ಣೂ ತೇವವೂ ಇರುತ್ತವೆ, ಎರಡೂ ಎಪಾಕ್ಸಿಗೆ ಶತ್ರು. ಕೊನೆಯ ಪದರದ ನಂತರ ಒಂದು ದಿನ ಕಳೆದು ನಡೆದಾಡಲು ಬಿಟ್ಟರೂ ಕಾರನ್ನು ಪೂರ್ತಿ ಏಳು ದಿನ ರಸ್ತೆಯಲ್ಲೇ ನಿಲ್ಲಿಸಬೇಕಾಯಿತು. ಕೈಗೆ ಗಟ್ಟಿಯಾಗಿ ಕಂಡ ಎಪಾಕ್ಸಿಯಲ್ಲಿ ಬೆಸುಗೆ ಇನ್ನೂ ಮುಂದುವರಿದೇ ಇರುತ್ತದೆ.

ಮಳೆಗಾಲದ ನಂತರ ಕಂಡದ್ದು

ಲೇಪನದ ನಂತರ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ ನೆಲವನ್ನು ಮತ್ತೆ ನೋಡಿದೆ. ಚಕ್ರ ನಿಲ್ಲುವ ಜಾಗಗಳಲ್ಲಿ ಟೈರಿನ ಕಪ್ಪು ಗುರುತು ಬಿದ್ದಿದೆ, ಪದರ ಎದ್ದಿಲ್ಲ. ಲೇಪನದ ಯಾವ ಭಾಗದಲ್ಲಿಯೂ ಗುಳ್ಳೆಯಿಲ್ಲ. ಫರಸಿಯ ಸಂದುಗಳಲ್ಲಿ ಬಿಳಿಯ ಉಪ್ಪು ನಿರೀಕ್ಷಿಸಿದಂತೆಯೇ ಮೂಡಿದೆ, ನಳ ಬಂದ ಮಾರನೆಯ ದಿನ ಕಲ್ಲು ತುಸು ಕಪ್ಪಾಗಿ ಮತ್ತೆ ತಿಳಿಯಾಗುತ್ತದೆಂದು ಮನೆಯವರು ಗಮನಿಸಿದ್ದಾರೆ. ಬಿರುಕಿನ ಸೀಲಂಟು ಮಳೆಗಾಲದಲ್ಲಿ ಒತ್ತಿಕೊಂಡು ಉಬ್ಬಿದೆ, ಹರಿದಿಲ್ಲ. ಆ ಗೆರೆ ಕಣ್ಣಿಗೆ ಕಾಣುತ್ತದೆ ಎಂಬ ಅಸಮಾಧಾನ ಯಜಮಾನರಿಗೆ ಇನ್ನೂ ಇದೆ. ಇನ್ವರ್ಟರಿನ ಬ್ಯಾಟರಿಗೆ ನೀರು ತುಂಬುವಾಗ ಚೆಲ್ಲಿದ ಆ್ಯಸಿಡ್ ಅಂಗೈಯಗಲದಷ್ಟು ಮೇಲ್ಪದರವನ್ನು ಮಂಕಾಗಿಸಿದೆ. ಅಲ್ಲಿ ಕೆರೆದು ಪಾಲಿಯುರೆಥೇನನ್ನು ಮತ್ತೆ ಹಚ್ಚಿ, ಬ್ಯಾಟರಿಯ ಕೆಳಗೆ ಪ್ಲಾಸ್ಟಿಕ್ಕಿನ ತಟ್ಟೆ ಇಡಿಸಿದೆವು. ಟಾಕಿಯ ಫ್ಲೋಟ್ ವಾಲನ್ನು ವರ್ಷಕ್ಕೊಮ್ಮೆ, ಟಾಕಿ ತೊಳೆಯುವ ದಿನವೇ ಪರೀಕ್ಷಿಸಬೇಕೆಂದು ಬರೆದುಕೊಟ್ಟಿದ್ದೇನೆ.